ಬೇಸಾಯದ ಟಿಪ್ಪಣಿಗೆ ಯಾವ ಆ್ಯಪ್ ಒಳ್ಳೆಯದು?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ, ನಾಲೆಯ ಬದಿಗೆ ತೋಟ ಮಾಡಿಕೊಂಡಿರುವ ರೇಷ್ಮೆ ಬೆಳೆಗಾರರೊಬ್ಬರ ಮನೆಗೆ ಹೋಗಿದ್ದೆವು. ಹುಳು ಮನೆಯ ಬಾಗಿಲು ತೆರೆದಿತ್ತು. ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಬೆಳೆ ಮುಗಿದು ಗೂಡು ಮಾರಿಬಂದ ಮನೆಯ ಕಳೆ ಅಲ್ಲಿರಲಿಲ್ಲ. ನಾಲ್ಕನೇ ಜ್ವರದಿಂದ ಎದ್ದಿದ್ದ 100 ಮೊಟ್ಟೆಯ ಹುಳುಗಳು ಹಸಿರು ನೀರು ಕಕ್ಕಿ, ತಲೆಯೆತ್ತಿ ಒದ್ದಾಡಿ, ಬೆಳಗಾಗುವುದರೊಳಗೆ ಸತ್ತುಹೋಗಿದ್ದವು. ಹಿಪ್ಪುನೇರಳೆಯ ಬದುವಿನ ಸಾಲುಗಳಿಗೆ ಸುರುಳಿ ಹುಳುವಿನ ಹತೋಟಿಗೆಂದು ಔಷಧಿ ಸಿಂಪಡಿಸಿ ಇನ್ನೂ ವಾರವಾಗಿರಲಿಲ್ಲ. ಮನೆಯಾಕೆ ಅದೇ ಸಾಲಿನ ಸೊಪ್ಪನ್ನು ಕೊಯ್ದು ತಂದು ಹಾಕಿದ್ದರು.

"ಬರ್ಕೊಂಡಿದ್ದೆ ಸಾರ್, ಬರ್ದಿರ್ಲಿಲ್ಲ ಅಂತಲ್ಲ. ಎಲ್ಲಿ ಬರ್ದೆ ಅನ್ನೋದೇ ಮರ್ತೋಯ್ತು" ಎಂದರು ಯಜಮಾನರು. ಮೊಬೈಲ್ ತೆರೆದು ತೋರಿಸಿದರು. ಟಿಪ್ಪಣಿ ಬರೆಯುವ ಆ್ಯಪ್‌ಗಳೇ ಅದರಲ್ಲಿ ಮೂರಿದ್ದವು. ಒಂದನ್ನು ಅಕ್ಕನ ಮಗ ಹಾಕಿಕೊಟ್ಟಿದ್ದ, ಒಂದು ಫೋನಿನೊಡನೆ ಬಂದದ್ದು, ಮತ್ತೊಂದನ್ನು ಇವರೇ ಇಳಿಸಿಕೊಂಡಿದ್ದರು. ಇವಲ್ಲದೆ ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಸಂದೇಶಗಳು, ಗೋಡೆಯ ಕ್ಯಾಲೆಂಡರ್, ಪಂಪ್‌ಹೌಸ್ ಬಾಗಿಲಿನ ಮೇಲೆ ಸುಣ್ಣದ ಕಡ್ಡಿಯ ಬರಹ. ಸಿಂಪಡಿಸಿದ ದಿನಾಂಕ ಮೂರನೆಯ ದಿನ ಸಿಕ್ಕಿತು, ಅಕ್ಕನ ಮಗ ಹಾಕಿಕೊಟ್ಟ ಆ್ಯಪ್‌ನಲ್ಲಿ. ಅಷ್ಟರಲ್ಲಿ ಸತ್ತ ಹುಳುಗಳನ್ನು ಗುಂಡಿ ತೆಗೆದು ಮುಚ್ಚಿಯಾಗಿತ್ತು.

ರೈತ ಬಾಂಧವರೇ, ಬೇಸಾಯಗಾರರು ಬರೆದಿಡುವುದಿಲ್ಲ ಎಂದು ನಾವು ವಿಸ್ತರಣಾ ಕೆಲಸಗಾರರು ಬಹಳ ಕಾಲದಿಂದ ದೂರುತ್ತಾ ಬಂದಿದ್ದೇವೆ. ಈ ದೂರು ಪೂರ್ತಿ ನ್ಯಾಯವಾದುದಲ್ಲವೆಂದು ಈಗ ತೋರುತ್ತದೆ. ಅನೇಕರು ಬರೆಯುತ್ತಾರೆ. ಬರೆದದ್ದು ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಆದುದರಿಂದ ಮೊಬೈಲ್‌ನಲ್ಲಿ ಟಿಪ್ಪಣಿ ಇಡಲು ಆ್ಯಪ್ ಆಯ್ದುಕೊಳ್ಳುವಾಗ ಅದು ಎಷ್ಟು ಬಗೆಯ ಕೆಲಸ ಮಾಡುತ್ತದೆ ಎಂಬುದನ್ನು ನೋಡುವುದಕ್ಕಿಂತ, ಬರೆದದ್ದನ್ನು ಎಷ್ಟು ಬೇಗ ಹುಡುಕಿಕೊಡುತ್ತದೆ, ಕೆಲಸದ ದಿನ ಬಂದಾಗ ತಾನಾಗಿ ಎಚ್ಚರಿಸುತ್ತದೆಯೇ ಎಂಬುದನ್ನೇ ಮೊದಲು ನೋಡಬೇಕು.

ಮಾರ್ಕೋನಹಳ್ಳಿಯ ಸುತ್ತಿನವರಿಗೆ ಈ 'ತಾನಾಗಿ' ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯಕ್ಕೆ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ, ಯಾರೂ ಬಂದು ಬಾಗಿಲು ಎತ್ತದೆಯೇ, ಸೈಫನ್ ಚಾಲೂ ಆಗಿ ಹೆಚ್ಚಿನ ನೀರನ್ನು ಹೊರಕ್ಕೆ ಹಾಕುತ್ತದೆ. ಕಾವಲುಗಾರ ನಿದ್ದೆ ಮಾಡಿದರೂ ಅದು ತನ್ನ ಕೆಲಸವನ್ನು ಮರೆಯದು. ಮೊಬೈಲ್‌ನ ಜ್ಞಾಪನೆಯೂ ಹೀಗೆಯೇ. ಒಮ್ಮೆ ಮಟ್ಟ ಗೊತ್ತುಮಾಡಿ ಇಟ್ಟರೆ ದಿನ ತುಂಬಿದಾಗ ಅದು ತಾನಾಗಿ ಬಡಿಯುತ್ತದೆ. ಮಟ್ಟ ಗೊತ್ತುಮಾಡುವ ಕೆಲಸ ಮಾತ್ರ ನಮ್ಮದು.

ಬರೆಯಬೇಕಾದದ್ದು ಯಾವುದು?

ಎಲ್ಲವನ್ನೂ ಬರೆಯಹೊರಟವರು 15 ದಿನಕ್ಕೆ ಬೇಸತ್ತು ಬಿಡುತ್ತಾರೆ. ಇಂದು ಮಾಡಿದ ಕೆಲಸದಿಂದ ಮುಂದೆ ಒಂದು ದಿನ ಮಾಡಲೇಬೇಕಾದ ಅಥವಾ ಮಾಡಲೇಬಾರದ ಕೆಲಸ ಹುಟ್ಟುವುದಾದರೆ ಅದನ್ನು ಬರೆಯಿರಿ. ಉಳಿದದ್ದನ್ನು ಬಿಟ್ಟರೂ ನಡೆಯುತ್ತದೆ.

ಹಸುವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಜೂನ್ 10 ರಂದು ಕೃತಕ ಗರ್ಭಧಾರಣೆ ಮಾಡಿಸಿದಿರಿ. ಗರ್ಭ ನಿಲ್ಲದಿದ್ದರೆ 21 ದಿನಕ್ಕೆ, ಅಂದರೆ ಜುಲೈ 1 ರ ಸುಮಾರಿಗೆ, ಹಸು ಮತ್ತೆ ಬೆದೆಗೆ ಬರುತ್ತದೆ. ಅಂದು ಬೆಳಿಗ್ಗೆ ಮತ್ತು ಸಂಜೆ ಗಮನಿಸದೆ ಹೋದರೆ ಇನ್ನೂ 21 ದಿನದ ಮೇವು ದಂಡವಾದಂತೆ. ನಿಂತಿದೆಯೆಂದು ತೋರಿದಲ್ಲಿ 90 ದಿನಕ್ಕೆ, ಸೆಪ್ಟೆಂಬರ್ 8 ರ ಹೊತ್ತಿಗೆ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಸುಮಾರು 280 ದಿನಕ್ಕೆ, ಮಾರ್ಚ್ 17 ರ ಆಸುಪಾಸಿನಲ್ಲಿ ಕರು ಹಾಕುತ್ತದೆ. ಅದಕ್ಕೆ 60 ದಿನ ಮೊದಲೇ, ಜನವರಿ 16 ರ ಹೊತ್ತಿಗೆ, ಹಾಲು ಬತ್ತಿಸಬೇಕು. ಒಂದೇ ದಿನ, ಒಂದೇ ಸಲ ಕುಳಿತು ಈ ನಾಲ್ಕು ದಿನಾಂಕಗಳಿಗೂ ಜ್ಞಾಪನೆ ಇಟ್ಟರೆ ಮುಂದಿನ ಒಂಬತ್ತು ತಿಂಗಳು ತಲೆಯಲ್ಲಿ ಹೊತ್ತು ತಿರುಗಬೇಕಾಗಿಲ್ಲ.

ರಾಗಿಗೂ ಇದೇ ಲೆಕ್ಕ. ಜುಲೈ 20 ರಂದು ಜಿಪಿಯು-28 ತಳಿಯನ್ನು ಬಿತ್ತಿದರೆ ಅದು 110 ರಿಂದ 115 ದಿನದ ಬೆಳೆ. ಆಗಸ್ಟ್ ಮೂರನೆಯ ವಾರಕ್ಕೆ ಮೇಲುಗೊಬ್ಬರ, ನವೆಂಬರ್ ಎರಡನೆಯ ವಾರಕ್ಕೆ ಕೊಯ್ಲು. ಆಳುಗಳನ್ನಾಗಲಿ ಯಂತ್ರವನ್ನಾಗಲಿ ಮೊದಲೇ ಗೊತ್ತುಮಾಡಿಕೊಳ್ಳಲು ನವೆಂಬರ್ 1 ಕ್ಕೆ ಒಂದು ಜ್ಞಾಪನೆ ಇರಲಿ. ಊರಿನವರೆಲ್ಲ ಒಂದೇ ವಾರದಲ್ಲಿ ಕೊಯ್ಲಿಗೆ ಇಳಿದಾಗ ಕೊನೆಗೆ ಎದ್ದವನಿಗೆ ಆಳು ಸಿಗುವುದಿಲ್ಲವೆಂಬುದು ನಿಮಗೆ ತಿಳಿದೇ ಇದೆ.

ತೆಂಗು ಬೆಳೆಗಾರರು ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಹಾಕಿದ ದಿನವನ್ನೂ ಕಾಯಿಯ ಲೆಕ್ಕವನ್ನೂ ಬರೆದಿಡಬೇಕು. ಎಂಟು ಹತ್ತು ತಿಂಗಳು ಕಳೆದ ಮೇಲೆ ಯಾವ ಮೂಲೆಯದು ಯಾವ ಕೊಯ್ಲಿನದೆಂದು ನೆನಪಿನಿಂದ ಹೇಳುವವರು ಕಡಿಮೆ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟಿನ ಪಾಳಿ, ನಾಲೆಯ ನೀರಿನ ಸರದಿ, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನ, ಇವೂ ಬರೆಯತಕ್ಕವೇ.

ಇನ್ನೊಂದು ಬಗೆಯ ಟಿಪ್ಪಣಿ ಸಾಕ್ಷಿಗಾಗಿ ಇಡುವಂಥದು. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯನ್ನು (ದೃಢೀಕೃತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ) ಬಿಲ್ಲಿನ ಜೊತೆಗಿಟ್ಟು ಒಂದು ಚಿತ್ರ ತೆಗೆದಿಡಿ. ಮೊಳಕೆ ಬಾರದೆ ಹೋದಾಗ ಅಂಗಡಿಯವನೊಡನೆ ಮಾತನಾಡಲು ಲಾಟ್ ನಂಬರ್ ಬೇಕೇ ಬೇಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಬಿದ್ದರೆ ಅಥವಾ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸತಕ್ಕದ್ದೆಂಬ ನಿಯಮವಿದೆ. ಮಳೆ ಬಿದ್ದ ಮರುದಿನ ಅರ್ಜಿ ಸಂಖ್ಯೆ ಎಲ್ಲಿ, ಸರ್ವೆ ನಂಬರ್ ಎಷ್ಟು ಎಂದು ಪೆಟ್ಟಿಗೆ ಕೆದಕುವುದರಲ್ಲಿ ಒಂದು ದಿನ ಕಳೆದರೆ ಉಳಿಯುವುದು ಎರಡೇ ದಿನ.

ಆ್ಯಪ್ ಪರೀಕ್ಷೆ ಮಾಡುವ ಬಗೆ

ಅಂಗಡಿಯ ನೆರಳಿನಲ್ಲಿ, ವೈಫೈ ಇರುವ ಕಡೆ ಕುಳಿತು ನೋಡಿದರೆ ಎಲ್ಲ ಆ್ಯಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಆದುದರಿಂದ ಪರೀಕ್ಷೆ ಹೊಲದಲ್ಲೇ ನಡೆಯಲಿ. ಫೋನಿನ ಡೇಟಾ ಬಂದ್ ಮಾಡಿ ಬದುವಿನ ಮೇಲೆ ನಿಂತುಕೊಳ್ಳಿ. ಜೇಬಿನಿಂದ ತೆಗೆದು, ಆ್ಯಪ್ ತೆರೆದು, 'ಬೇವಿನಮರದ ಹೊಲ, ಇಂದು ಕಳೆ ತೆಗೆದದ್ದು, 6 ಆಳು' ಎಂದು ಬರೆದು ಮತ್ತೆ ಜೇಬಿಗಿಡಿ. ಬೆರಳಿನ ಕೆಲಸವನ್ನು ಬಿಟ್ಟರೆ ಆ್ಯಪ್‌ನ ದೆಸೆಯಿಂದ ನೀವು ಕಾಯಬೇಕಾಗಿ ಬಂದಿತೇ? ಹೆಸರು ಕೇಳಿತೇ, ಜಾಹೀರಾತು ತೋರಿಸಿತೇ, ಯಾವ ಕಡತದಲ್ಲಿಡಲಿ ಎಂದು ಪ್ರಶ್ನೆ ಹಾಕಿತೇ? ಹಾಗಿದ್ದಲ್ಲಿ ಬಿಟ್ಟುಬಿಡಿ. ಔಷಧಿ ಕ್ಯಾನ್ ಬೆನ್ನ ಮೇಲಿರುವಾಗ ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

ಎರಡನೆಯ ಪರೀಕ್ಷೆ ಕನ್ನಡದ್ದು. ಕನ್ನಡ ಕೀಲಿಮಣೆಯನ್ನು ಫೋನಿನಲ್ಲಿ ಒಮ್ಮೆ ಹಾಕಿಕೊಂಡರೆ ಬಹುಪಾಲು ಎಲ್ಲ ಆ್ಯಪ್‌ಗಳಲ್ಲೂ ಬರೆಯಬಹುದು. ಆದರೆ ಬರೆದ ಕನ್ನಡವನ್ನು ಹುಡುಕಿಕೊಡುತ್ತದೆಯೇ ಎಂಬುದನ್ನು ನೋಡಿಯೇ ನಂಬಬೇಕು. ಐದು ಟಿಪ್ಪಣಿ ಬರೆದು, ಹುಡುಕುವ ಜಾಗದಲ್ಲಿ 'ಕಳೆ' ಎಂದಷ್ಟೇ ಹಾಕಿ ನೋಡಿ. ಬೆರಳಿನಿಂದ ಬರೆಯುವುದು ಕಷ್ಟವೆನಿಸುವವರು ಬಾಯಲ್ಲಿ ಹೇಳಿ ಬರೆಸಬಹುದು. ಗೂಗಲ್‌ನವರು 2017 ರಲ್ಲಿ ಕನ್ನಡಕ್ಕೂ ಈ ಸೌಲಭ್ಯ ಕೊಟ್ಟರು. ಇದಕ್ಕೆ ಬಹುಮಟ್ಟಿಗೆ ನೆಟ್‌ವರ್ಕ್ ಬೇಕು, ಗಾಳಿ ಬೀಸುವಾಗ ಅಥವಾ ಪಂಪ್‌ಸೆಟ್ಟಿನ ಸದ್ದಿನ ಬಳಿ ತಪ್ಪು ಬರೆದುಕೊಳ್ಳುವುದೂ ಉಂಟು. ವಿಶೇಷವಾಗಿ ಅಂಕಿಗಳನ್ನು ಒಮ್ಮೆ ಓದಿ ನೋಡುವುದು ಕ್ಷೇಮ. 15 ಮಿಲಿ 50 ಮಿಲಿ ಆದರೆ ಮುಂದಿನ ಸಿಂಪರಣೆಗೆ ಕಷ್ಟ ಬರುತ್ತದೆ.

ಮೂರನೆಯದು ಜ್ಞಾಪನೆಯ ಪರೀಕ್ಷೆ. ನಾಳೆ ಬೆಳಿಗ್ಗೆ 6 ಗಂಟೆಗೆ ಎಂದು ಒಂದನ್ನು ಇಟ್ಟು ಮಲಗಿಕೊಳ್ಳಿ. ಕಡಿಮೆ ಬೆಲೆಯ ಕೆಲವು ಫೋನುಗಳು ಬ್ಯಾಟರಿ ಉಳಿಸುವ ಸಲುವಾಗಿ, ತೆರೆಯದೆ ಇರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಆಗ ಜ್ಞಾಪನೆ ಬಡಿಯುವುದೇ ಇಲ್ಲ. ಬಡಿಯದಿದ್ದಲ್ಲಿ ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಕಟ್ಟುಪಾಡಿನಿಂದ ವಿನಾಯಿತಿ ಕೊಟ್ಟು ಮತ್ತೊಂದು ದಿನ ಪರೀಕ್ಷಿಸಿ. ಆಗಲೂ ಬಡಿಯದಿದ್ದರೆ ಆ ಆ್ಯಪ್ ನಿಮ್ಮ ಫೋನಿಗೆ ಹೊಂದುವುದಿಲ್ಲ.

ಕೊನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಫೋನು ನಾಲೆಗೆ ಬಿದ್ದರೆ ಟಿಪ್ಪಣಿಯ ಗತಿಯೇನು? ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ಅದೇ ಆ್ಯಪ್ ಹಾಕಿ, ಅದೇ ಖಾತೆಯಿಂದ ಒಳಹೊಕ್ಕು, ನಿಮ್ಮ ಐದು ಟಿಪ್ಪಣಿಗಳೂ ಅಲ್ಲಿ ಕಾಣುತ್ತವೆಯೇ ನೋಡಿ. ಖಾತೆಯ ಪಾಸ್‌ವರ್ಡ್ ಮಗನಿಗೆ ಮಾತ್ರ ಗೊತ್ತಿದ್ದು ಅವನು ಬೆಂಗಳೂರಿನಲ್ಲಿದ್ದರೆ, ಈ ಪರೀಕ್ಷೆಯಲ್ಲಿ ಅದೂ ಬಯಲಾಗುತ್ತದೆ.

ಸಿಗುವ ಆ್ಯಪ್‌ಗಳು

ಗೂಗಲ್ ಕೀಪ್ 2013 ರಲ್ಲಿ ಬಂದದ್ದು. ಹಣ ಕೊಡಬೇಕಾಗಿಲ್ಲ. ಬರಹ, ಗುರುತು ಹಾಕುವ ಪಟ್ಟಿ, ಚಿತ್ರ, ಧ್ವನಿ ಎಲ್ಲವೂ ಒಂದೇ ಕಡೆ ಇರುತ್ತವೆ. ನೆಟ್‌ವರ್ಕ್ ಇಲ್ಲದಾಗ ಬರೆದದ್ದು ನೆಟ್‌ವರ್ಕ್ ಬಂದಾಗ ಖಾತೆಗೆ ಸೇರುತ್ತದೆ. ಒಂದೇ ಟಿಪ್ಪಣಿಯನ್ನು ಇಬ್ಬರು ಮೂವರು ಹಂಚಿಕೊಂಡು ಬರೆಯಲೂಬಹುದು. ಇದರ ಜ್ಞಾಪನೆಗಳನ್ನು ಇತ್ತೀಚೆಗೆ ಗೂಗಲ್ ಟಾಸ್ಕ್ಸ್ ಎಂಬ ಅವರದೇ ಇನ್ನೊಂದು ಆ್ಯಪ್‌ಗೆ ಸೇರಿಸುತ್ತಿದ್ದಾರೆ. ಆದುದರಿಂದ ಹಿಂದೆ ಬಡಿಯುತ್ತಿದ್ದವರೂ ಒಮ್ಮೆ ಪರೀಕ್ಷೆ ಮಾಡಿಕೊಳ್ಳುವುದು ಮೇಲು. ಅಳಿಸಿದ ಟಿಪ್ಪಣಿ ಕಸದ ಬುಟ್ಟಿಯಲ್ಲಿ 7 ದಿನ ಮಾತ್ರ ಇರುತ್ತದೆ, ಆಮೇಲೆ ಸಿಗದು. ಇಷ್ಟೆಲ್ಲ ಇದ್ದರೂ ಮೊದಲ ಸಲ ಬಳಸುವ ರೈತರಿಗೆ ನಮ್ಮ ಮೊದಲ ಸಲಹೆ ಇದೇ.

ಸಿಂಪಲ್‌ನೋಟ್ ಎಂಬುದರಲ್ಲಿ ಅಕ್ಷರವಲ್ಲದೆ ಬೇರೇನೂ ಇಲ್ಲ. ಚಿತ್ರ ಹಾಕಲಾಗದು. ಬೀಜದ ಚೀಟಿ, ಎಲೆ ರೋಗದ ಚಿತ್ರ ಇಡುವವರಿಗೆ ಇದು ಸಾಲದು. ಲೆಕ್ಕವನ್ನಷ್ಟೇ ಬರೆಯುವವರಿಗೆ ಹಗುರ. ಮೈಕ್ರೋಸಾಫ್ಟ್ ಟು ಡೂ ಕೆಲಸದ ಪಟ್ಟಿಗೆ ಮತ್ತು ಮತ್ತೆ ಮತ್ತೆ ಬರುವ ಜ್ಞಾಪನೆಗೆ ಒಳ್ಳೆಯದು. ಆರು ತಿಂಗಳಿಗೊಮ್ಮೆ ಬರುವ ಲಸಿಕೆಯಂಥದನ್ನು ಒಮ್ಮೆ ಬರೆದರೆ ಸಾಕು. ಹಿಂದೆ ಬಹಳ ಹೆಸರು ಮಾಡಿದ್ದ ಎವರ್‌ನೋಟ್‌ನವರು 2023 ರ ಡಿಸೆಂಬರ್‌ನಿಂದ ಹಣ ಕೊಡದವರಿಗೆ 50 ಟಿಪ್ಪಣಿ, ಒಂದು ಪುಸ್ತಕ ಎಂದು ಮಿತಿ ಹಾಕಿದರು. ಎರಡು ಹಸು, ಅರ್ಧ ಎಕರೆ ಹಿಪ್ಪುನೇರಳೆ ಇರುವ ಮನೆಗೆ 50 ಟಿಪ್ಪಣಿ ಒಂದು ವರ್ಷಕ್ಕೂ ಬರಲಾರದು.

ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಅನುಕೂಲ 2022 ರ ನವೆಂಬರ್‌ನಲ್ಲಿ ಬಂದಿತು. ರೈತರಲ್ಲಿ ಹೆಚ್ಚಿನವರು ಇದನ್ನೇ ಬಳಸುತ್ತಿರುವುದನ್ನು ಕಂಡಿದ್ದೇವೆ. ಕೈಗೆ ಒಗ್ಗಿದ ಆ್ಯಪ್ ಎಂಬುದು ಅದರ ದೊಡ್ಡ ಗುಣ. ಆದರೆ ಅಲ್ಲಿ ಬರೆದದ್ದು ಗೊಬ್ಬರದ ಗುಂಡಿಗೆ ಹಾಕಿದ ಹಾಗೆ ಒಂದರ ಮೇಲೊಂದು ಬಿದ್ದು ಅಡಿಯದು ಕಾಣದಾಗುತ್ತದೆ. ಅವಸರದಲ್ಲಿ ಅಲ್ಲಿ ಬರೆದುಕೊಂಡರೂ ಸಂಜೆ ಮನೆಗೆ ಬಂದ ಮೇಲೆ ಟಿಪ್ಪಣಿ ಆ್ಯಪ್‌ಗೆ ಸಾಗಿಸಿ, ಅಲ್ಲಿಯದನ್ನು ಅಳಿಸಿಬಿಡಿ. ಫೋನಿನೊಡನೆ ಬಂದಿರುವ ನೋಟ್ಸ್ ಆ್ಯಪ್ ಕೂಡ ಸಾಲುವಂಥದೇ, ಬರೆದದ್ದು ಆ ಫೋನಿನಲ್ಲಿ ಮಾತ್ರ ಉಳಿಯುತ್ತದೆಯೋ ಖಾತೆಗೂ ಹೋಗುತ್ತದೆಯೋ ಎಂದು ತಿಳಿದುಕೊಂಡರೆ.

ಆ್ಯಪ್ ಎಂಬುದು ಶಾಶ್ವತವೂ ಅಲ್ಲ. ವಂಡರ್‌ಲಿಸ್ಟ್ ಎಂಬ ಕೆಲಸದ ಪಟ್ಟಿಯ ಆ್ಯಪ್ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ಮೈಕ್ರೋಸಾಫ್ಟ್ ಅದನ್ನು ಕೊಂಡು, 2020 ರ ಮೇ 6 ರಂದು ಮುಚ್ಚಿತು. ಆದುದರಿಂದ ಬರೆದದ್ದನ್ನು ಹೊರತೆಗೆದುಕೊಳ್ಳುವ ದಾರಿ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿ.

ಸಿಗುವ ಹಾಗೆ ಬರೆಯುವುದು

ಆ್ಯಪ್ ಎಷ್ಟೇ ಒಳ್ಳೆಯದಿರಲಿ, 'ಔಷಧಿ ಹೊಡೆದೆ' ಎಂದಷ್ಟೇ ಬರೆದರೆ ಅದು ಯಾರಿಗೂ ಉಪಯೋಗವಿಲ್ಲ. ಪ್ರತಿ ಟಿಪ್ಪಣಿಯ ಮೊದಲ ಮಾತು ಹೊಲದ ಹೆಸರಾಗಿರಲಿ. ನಮ್ಮ ಕಡೆ ಹೊಲಗಳಿಗೆಲ್ಲ ಹೆಸರಿದೆ: ಕೆರೆ ಕೆಳಗಿನ ಗದ್ದೆ, ಬೇವಿನಮರದ ಹೊಲ, ಮೂಡಲ ತೋಟ. ಆ ಹೆಸರಿನ ಮುಂದೆ ಸರ್ವೆ ನಂಬರನ್ನು ಒಮ್ಮೆ ಒಂದು ಟಿಪ್ಪಣಿಯಲ್ಲಿ ಬರೆದಿಡಿ. 2020 ರಿಂದ ರೈತರೇ ಮೊಬೈಲ್‌ನಲ್ಲಿ ಮಾಡಿಕೊಳ್ಳುತ್ತಿರುವ ಬೆಳೆ ಸಮೀಕ್ಷೆಗೂ, ಬೆಂಬಲ ಬೆಲೆಯ ರಾಗಿ ಖರೀದಿಗೂ, ವಿಮೆಗೂ ಅದು ಬೇಕಾಗುತ್ತದೆ.

ಹೆಸರಿನ ನಂತರ ಮಾಡಿದ ಕೆಲಸ, ಹಾಕಿದ ಪದಾರ್ಥ, ಪ್ರಮಾಣ, ದಿನಾಂಕ. ಕೊನೆಯಲ್ಲಿ 'ಯಾವಾಗಿನವರೆಗೆ'. ಉದಾಹರಣೆಗೆ ಹೀಗೆ:

'ಮೂಡಲ ತೋಟ, ಹಿಪ್ಪುನೇರಳೆ ಬದುವಿನ 4 ಸಾಲು. ಸುರುಳಿ ಹುಳುವಿಗೆ ಔಷಧಿ. ಹೆಸರು, ಪ್ರಮಾಣ ಚಿತ್ರದಲ್ಲಿದೆ. ಆಗಸ್ಟ್ 3. ಆಗಸ್ಟ್ 18 ರವರೆಗೆ ಸೊಪ್ಪು ಕೊಯ್ಯಬಾರದು.'

ಇಲ್ಲಿನ 15 ದಿನ ಉದಾಹರಣೆಗೆ ಮಾತ್ರ. ಔಷಧಿಯ ಲೇಬಲ್ ಮತ್ತು ರೇಷ್ಮೆ ಇಲಾಖೆಯವರು ಹೇಳುವ ಅವಧಿಯನ್ನೇ ಹಾಕಿಕೊಳ್ಳತಕ್ಕದ್ದು. ಡಬ್ಬಿಯ ಚಿತ್ರ ತೆಗೆದರೆ ಸಾಕೆಂದು ಬಿಡಬೇಡಿ, ಚಿತ್ರದ ಕೆಳಗೆ ಎರಡು ಮಾತನ್ನಾದರೂ ಬರೆಯಿರಿ. ಬರಹವಿಲ್ಲದ ಚಿತ್ರ ನೂರು ಚಿತ್ರಗಳ ನಡುವೆ ಕಳೆದುಹೋಗುತ್ತದೆ.

ಒಂದು ಸಣ್ಣ ವಿಷಯ, ಆದರೆ ಇದರಿಂದ ಅನೇಕರು ಮೋಸಹೋಗಿದ್ದಾರೆ. ಇಂದು 'ಔಷಧಿ' ಎಂದು, ನಾಳೆ 'ಔಷಧ' ಎಂದು, ಮತ್ತೊಂದು ದಿನ 'ಮದ್ದು' ಎಂದು ಬರೆದರೆ ಹುಡುಕುವಾಗ ಒಂದು ಸಿಕ್ಕಿ ಉಳಿದೆರಡು ತಪ್ಪಿಹೋಗುತ್ತವೆ. ಯೂರಿಯ, ಯೂರಿಯಾ ಕೂಡ ಹಾಗೆಯೇ. ಫೋನಿಗೆ ಅರ್ಥ ಗೊತ್ತಾಗುವುದಿಲ್ಲ, ಅಕ್ಷರವಷ್ಟೇ ಗೊತ್ತು. ಮನೆಯವರೆಲ್ಲ ಸೇರಿ ಹತ್ತು ಹನ್ನೆರಡು ಮಾತುಗಳನ್ನು ಗೊತ್ತುಮಾಡಿಕೊಂಡು ಯಾವಾಗಲೂ ಅವನ್ನೇ ಬಳಸಿ.

ಮನೆಯವರೆಲ್ಲ ಎಂದು ಹೇಳಿದ್ದಕ್ಕೆ ಕಾರಣವಿದೆ. ಆ ರೇಷ್ಮೆ ಬೆಳೆಗಾರರ ಮನೆಯಲ್ಲಿ ಔಷಧಿ ಹೊಡೆದವರು ಯಜಮಾನರು, ಸೊಪ್ಪು ಕೊಯ್ದವರು ಮನೆಯಾಕೆ. ದಿನಾಂಕವಿದ್ದ ಫೋನು ಯಜಮಾನರ ಜೇಬಿನಲ್ಲಿ ಕುಣಿಗಲ್ ಸಂತೆಗೆ ಹೋಗಿತ್ತು. ಟಿಪ್ಪಣಿ ತಕ್ಷಣ ಸಿಕ್ಕಿದ್ದರೂ ಅದು ಸಿಗಬೇಕಾದವರಿಗೆ ಸಿಗುತ್ತಿರಲಿಲ್ಲ. ಹಾಲು ಕರೆಯುವುದು, ಹಸುವಿನ ಬೆದೆ ಗಮನಿಸುವುದು, ಹುಳು ಮೇಯಿಸುವುದು, ಕಾಳು ಒಣಗಿಸಿಡುವುದು ಬಹುಪಾಲು ಹೆಂಗಸರ ಕೈಯಲ್ಲಿದೆ. ಟಿಪ್ಪಣಿ ಮಾತ್ರ ಗಂಡಸರ ಫೋನಿನಲ್ಲಿದ್ದರೆ ಅದು ಅರ್ಧ ಟಿಪ್ಪಣಿ. ಆದುದರಿಂದ ಹಂಚಿಕೊಳ್ಳುವ ಸೌಲಭ್ಯವಿರುವ ಆ್ಯಪ್ ಆರಿಸಿ, ತೋಟದ ಟಿಪ್ಪಣಿಯನ್ನೂ ದನದ ಟಿಪ್ಪಣಿಯನ್ನೂ ಇಬ್ಬರ ಫೋನಿಗೂ ಬರುವಂತೆ ಮಾಡಿ. ಮನೆಯಲ್ಲಿ ಒಂದೇ ಸ್ಮಾರ್ಟ್ ಫೋನ್ ಇದ್ದರೆ, ಮಾಡಬಾರದ ಕೆಲಸದ ದಿನಾಂಕಗಳನ್ನು ಹುಳು ಮನೆಯ ಬಾಗಿಲಲ್ಲಿ ಸ್ಲೇಟಿನ ಮೇಲೂ ಬರೆಯಿರಿ. ಬೇರೆಲ್ಲ ಕಡೆ ಎರಡು ಬಾರಿ ಬರೆಯುವುದನ್ನು ನಾವು ಬೇಡವೆನ್ನುತ್ತೇವೆ, ವಿಷದ ವಿಷಯದಲ್ಲಿ ಮಾತ್ರ ಬೇಡವೆನ್ನುವುದಿಲ್ಲ.

ಕೀಲಿ ಒತ್ತುವ ಹಳೆಯ ಫೋನ್ ಇರುವವರೂ ನಿರಾಶರಾಗಬೇಕಾಗಿಲ್ಲ. ಅದರಲ್ಲಿ ಅಲಾರಾಂ ಇದ್ದೇ ಇರುತ್ತದೆ. ಬರೆಯುವುದಕ್ಕೆ 100 ಪುಟದ ನೋಟ್‌ಬುಕ್ ಒಂದಿರಲಿ, ಎಚ್ಚರಿಸುವುದಕ್ಕೆ ಫೋನಿರಲಿ.

ಆ್ಯಪ್‌ಗೆ ಹಾಕಬಾರದವೂ ಕೆಲವಿವೆ. ಎಟಿಎಂ ಕಾರ್ಡಿನ ಗುಪ್ತ ಸಂಖ್ಯೆ, ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಕಾರ್ಡಿನ ಚಿತ್ರ ಹಂಚಿಕೊಂಡ ಟಿಪ್ಪಣಿಯಲ್ಲಿ ಇರಲೇಕೂಡದು. ಕೈಸಾಲ, ಗುತ್ತಿಗೆ, ವಾರದ ಜಮೀನಿನ ಒಪ್ಪಂದ, ಇವುಗಳಿಗೆ ಕಾಗದವೂ ರುಜುವೂ ಬೇಕು. ಫೋನಿನಲ್ಲಿ ಅದರ ಚಿತ್ರವಿರಲಿ, ಮೂಲ ಪೆಟ್ಟಿಗೆಯಲ್ಲಿರಲಿ.

ಬೆಳೆ ರೋಗದ ಚಿತ್ರ ತೆಗೆದು ದಿನಾಂಕ ಬರೆದಿಟ್ಟವರು ತಿಪಟೂರಿನ ಕೊನೇಹಳ್ಳಿ ಅಥವಾ ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದಾಗ ಅದನ್ನು ತೋರಿಸಿ. ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಕರೆ ಮಾಡುವಾಗಲೂ ಟಿಪ್ಪಣಿ ತೆರೆದಿಟ್ಟುಕೊಳ್ಳಿ. ಬಿತ್ತಿದ್ದು ಎಂದು, ಯಾವ ತಳಿ, ಏನು ಹಾಕಿದಿರಿ ಎಂದು ಕೇಳಿದಾಗ 'ಸುಮಾರು ಒಂದು ತಿಂಗಳಾಯಿತು' ಎನ್ನುವ ಉತ್ತರದಿಂದ ತಜ್ಞರು ಕೊಡಬಹುದಾದ ಸಲಹೆಯೂ ಸುಮಾರಾಗಿಯೇ ಇರುತ್ತದೆ.

ಆ ಮನೆಯವರು ಈಗ ಎರಡು ಆ್ಯಪ್‌ಗಳನ್ನು ತೆಗೆದುಹಾಕಿ ಒಂದನ್ನೇ ಇಟ್ಟುಕೊಂಡಿದ್ದಾರೆ. ಮುಂದಿನ ಚಾಕಿ ತರುವ ಮೊದಲೇ ಬದುವಿನ ನಾಲ್ಕು ಸಾಲುಗಳ ಟಿಪ್ಪಣಿ ಇಬ್ಬರ ಫೋನಿನಲ್ಲೂ ಇತ್ತು. ಬರೆದವರು ಮನೆಯಾಕೆ.